ಪೂರ್ತಿಯಾದ ಗೆರೆ

ಧಾರವಾಡದ ಕೋಣೆಯಲ್ಲಿ ಪ್ರಫುಲ್ಲಾ ಗಾಳಿಯಲ್ಲಿ ಬೆರಳೆಳೆದಳು. ಎದುರಿಗೆ ತೇಲುತ್ತಿದ್ದ ಬಿಳಿಹಲಗೆಯ ಮೇಲೆ ಮೂಡಿದ ನೀಲಿ ಗೆರೆ ಅದೇ ಗಳಿಗೆಯಲ್ಲಿ ರಾಯಚೂರಿನ ಶಿವಲಿಂಗಯ್ಯನವರ ಮುಂದೆಯೂ ಕೊಚ್ಚಿಯ ಜೋಸೆಫನ ಮುಂದೆಯೂ ಮೂಡಿತು. ದೂರದೂರದವರನ್ನು ಒಂದೇ ಮೇಜಿನ ಸುತ್ತ ಕೂರಿಸುವ ಈ 'ಕೂಡುಹಲಗೆ'ಗೆ ಒಂದು ವಿಶೇಷ ಜಾಣತನವಿತ್ತು. ಸಂಪರ್ಕ ಕಡಿದು ಯಾರದಾದರೂ ಗೆರೆ ಅರ್ಧಕ್ಕೆ ನಿಂತರೆ, ಅವರ ಕೈಯ ವಾಡಿಕೆಯನ್ನು ಮೊದಲೇ ಕಲಿತಿದ್ದ ಹಲಗೆ ಉಳಿದದ್ದನ್ನು ತಾನೇ ಎಳೆದು ಮುಗಿಸುತ್ತಿತ್ತು. ಅದಕ್ಕೆ 'ಪೂರಕರೇಖೆ' ಎಂದು ಹೆಸರು.

ಅವರು ಕಡಲತೀರದ ಕಟ್ಟಡಗಳ ನಕ್ಷೆ ಮಾಡುವ ಎಂಜಿನಿಯರುಗಳು, ಪ್ರಫುಲ್ಲಾ ತಂಡದ ಮುಖ್ಯಸ್ಥೆ. ಮೂವರೂ ಮಿತಭಾಷಿಗಳು. ಹಿಂದೆ ಒಂದೇ ಕಚೇರಿಯಲ್ಲಿದ್ದಾಗ ಅವರದೊಂದು ಪದ್ಧತಿ ಬೆಳೆದಿತ್ತು. ಯಾವುದೇ ನಕ್ಷೆಯ ಮುಖ್ಯ ಗೆರೆಯ ಮೇಲೆ ಮೂವರೂ ತಂತಮ್ಮ ಗೆರೆ ಎಳೆಯಬೇಕು, ಅದೇ ಒಪ್ಪಿಗೆ. ಮನಸ್ಸು ಒಪ್ಪದಿದ್ದವರು ನಡುವೆ ಕೈ ನಿಲ್ಲಿಸುತ್ತಿದ್ದರು. ಉಳಿದವರು ಕಾಯುತ್ತಿದ್ದರು. ಮಾತು ಆಮೇಲೆ.

ಅಂದು ಅವರು ಎಳೆದದ್ದು ಬೆಳಂಬೂರು ಮೀನುಗಾರಿಕೆ ಬಂದರಿನ ಅಲೆತಡೆ ಗೋಡೆ. ಮೂರೂ ಗೆರೆಗಳು ಪೂರ್ತಿಯಾದವು. ಗೋಡೆ ಎದ್ದಿತು. ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ಬಂದರಿನ ಬಾಯಿಗೆ ಮರಳು ತುಂಬಿ ದೋಣಿಗಳು ಒಳಗೇ ಸಿಕ್ಕಿಬಿದ್ದವು.

"ಅಲೆ ನಿಲ್ಲಿಸಿ ಅಂದ್ರೆ ದೋಣಿ ನಿಲ್ಲಿಸಿಬಿಟ್ರಲ್ಲ, ಅಮ್ಮ" ಎಂದಳು, ನೋಡಲು ಹೋದ ಪ್ರಫುಲ್ಲಾಳಿಗೆ, ದಡದಲ್ಲಿ ಖಾಲಿ ಬುಟ್ಟಿ ಮಗುಚಿ ಕುಳಿತಿದ್ದ ಮೀನುಗಾರ್ತಿ.

ಮರಳಿನ ಚಲನೆ ಶಿವಲಿಂಗಯ್ಯನವರ ವಿಷಯ. ಅವರು ಆಗಲೇ ಬೇರೆ ವಿಭಾಗಕ್ಕೆ ವರ್ಗ ಮಾಡಿಸಿಕೊಂಡು ಹೋಗಿದ್ದರು. ಪ್ರಫುಲ್ಲಾ ಅವರಿಗೆ ಕರೆ ಮಾಡಿದಳು.

"ನಿಮಗೆ ಗೊತ್ತಾಗಲಿಲ್ಲವೇ, ಸರ್?"

"ಗೊತ್ತಿತ್ತರಿ. ಗೋಡಿ ತಿರುವಿನ್ಯಾಗ ಕೈ ನಿಲ್ಲಿಸಿದ್ದೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರೂ ನನ್ನ ಗೆರಿ ಮುಂದ ಹೋತು. ನನ್ನ ಬದ್ಲಿ ನೀವ ಎಳದೀರಿ ಅಂದ್ಕೊಂಡೆ. ಮುಖ್ಯಸ್ಥರು ನಮ್ಮನ್ನ ದಾಟಿ ಹೋದಮ್ಯಾಲೆ ಮತ್ತೇನ್ ಮಾತಾಡೋದು?"

ಕರೆ ಕಡಿಯದೆಯೇ ಪ್ರಫುಲ್ಲಾ ಹಲಗೆಯನ್ನು ರೂಪಿಸಿದ ಡಾ. ನಜ್ಮಾರನ್ನೂ ಸೇರಿಸಿಕೊಂಡಳು.

"ಬೇಕೆಂದು ನಿಲ್ಲಿಸಿದ ಕೈಯನ್ನು ನಿಮ್ಮ ಹಲಗೆ ಗುರುತಿಸುವುದಿಲ್ಲವೇ?"

ನಜ್ಮಾ ಅಂದಿನ ದಾಖಲೆ ತೆರೆದರು. "ಸಂಪರ್ಕ ಹೋದರೂ ಚಲನೆ ಇರುವುದಿಲ್ಲ, ಯೋಚಿಸುತ್ತ ನಿಂತರೂ ಇರುವುದಿಲ್ಲ. ಎರಡನ್ನೂ ಬೇರೆ ಮಾಡಬೇಕೆಂದು ನಮಗೆ ಯಾರೂ ಹೇಳಲಿಲ್ಲ. ಬೇಡದವರು ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆವು. ತಾಳಿ, ಪೂರಕರೇಖೆ ಎಳೆದದ್ದನ್ನೆಲ್ಲ ಅಳಿಸಿ ತೋರಿಸುತ್ತೇನೆ."

ಹಲಗೆಯ ಮೇಲೆ ಅಂದಿನ ಗೋಡೆ ಮೂಡಿತು. ಶಿವಲಿಂಗಯ್ಯನವರ ಹಸಿರು ಗೆರೆ ತಿರುವಿನಲ್ಲಿ ನಿಂತಿತ್ತು. ಜೋಸೆಫನ ಹಳದಿ ಗೆರೆ ಕೊನೆಯವರೆಗೂ ಹೋಗಿತ್ತು. ನೀಲಿ ಗೆರೆಯೂ ಅದೇ ತಿರುವಿನಲ್ಲಿ ನಿಂತಿತ್ತು.

"ನೀಲಿ ಯಾರದು?" ಎಂದು ನಜ್ಮಾ ಕೇಳಿದರು.

"ನನ್ನದು" ಎಂದಳು ಪ್ರಫುಲ್ಲಾ.

ಆ ದಿನದ ನೆನಪು ಅವಳಿಗೆ ಈಗ ಸ್ಪಷ್ಟವಾಗಿ ಬಂತು. ತಿರುವಿಗೆ ಬಂದಾಗ ಅವಳಿಗೂ ಅಳುಕಾಗಿತ್ತು. ಮರಳಿನ ವಿಷಯ ಬಲ್ಲವರು ಶಿವಲಿಂಗಯ್ಯ, ಅವರು ಏನಾದರೂ ಹೇಳಲಿ ಎಂದು ಕೈ ತಡೆದು ಕಾದಿದ್ದಳು. ಅಷ್ಟರಲ್ಲಿ ಹಸಿರು ಗೆರೆ ಎಲ್ಲೂ ಅಳುಕದೆ ಸಮುದ್ರದೊಳಕ್ಕೆ ಸಾಗಿತ್ತು. ಅದನ್ನೇ ಅವರ ಉತ್ತರವೆಂದು ತಿಳಿದು, ತನ್ನ ನೀಲಿ ಗೆರೆ ತಾನಾಗಿ ಮುಂದೆ ಹೋದಾಗ ಅವಳು ತಡೆದಿರಲಿಲ್ಲ.