ಪಾರ್ಕಿನ ಹಿಂದಿನ ಗೋಡೆ

ಸೋಮವಾರ ಬೆಳಿಗ್ಗೆ ಎಂಟಕ್ಕೆ, ಇನ್‌ಸ್ಪೆಕ್ಟರ್ ಮೇಡಂ ಟೀ ಲೋಟಕ್ಕೆ ಬಾಯಿ ಹಚ್ಚುವ ಮೊದಲೇ, ಪಾರ್ಕಿನ ಗುತ್ತಿಗೆದಾರ ಠಾಣೆಗೆ ಓಡಿಬಂದ. ಹಳೆಯ ಬಟ್ಟೆ ಗಿರಣಿ ಕೆಡವಿದ ಜಾಗದಲ್ಲಿ ನಗರಸಭೆ ಮಾಡಿಸಿದ ಪಾರ್ಕ್ ಅದು. ಬುಧವಾರ ಉದ್ಘಾಟನೆ. ಹಿಂದಿನ ಗೋಡೆಯನ್ನು ಯಾರೋ ಒಡೆದಿದ್ದರು.

“ಪುಂಡರ ಕೆಲಸ ಮೇಡಂ, ಸುಮ್ನೆ ಬಿಡಬೇಡಿ.”

ಸಾರ್ವಜನಿಕ ಆಸ್ತಿಗೆ ಹಾನಿಯೆಂದು ಎಫ್‌ಐಆರ್ ದಾಖಲಾಯಿತು. ಹತ್ತಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಗೋಡೆಯಲ್ಲಿ ಬಾಗಿಲಗಲದ ಸಂದು. ‘ಕಿಡಿಗೇಡಿಗಳು ಗೋಡೆಯನ್ನು ಒಡೆದು’ ಎಂದು ಹೆಡ್ ಕಾನ್‌ಸ್ಟೇಬಲ್ ಬರೆಯತೊಡಗಿದ.

“ಒಡೆದು ಅಂತ ಬರೀಬೇಡಿ. ಬಿಚ್ಚಿದ್ದಾರೆ ಅಂತ ಬರೀರಿ,” ಎಂದರು ಮೇಡಂ.

ಒಂದಿಟ್ಟಿಗೆಯೂ ಮುಕ್ಕಾಗಿರಲಿಲ್ಲ. ಅಂಟಿದ್ದ ಸಿಮೆಂಟನ್ನು ಕೆರೆದು ತೆಗೆದು ಎಲ್ಲವನ್ನೂ ಓರಣವಾಗಿ ಪೇರಿಸಿಟ್ಟಿದ್ದರು. ಮೇಡಂ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿದರು. ಸಂದಿನ ಅಂಚು ಕೂದಲೆಳೆಯಷ್ಟೂ ವಾಲಿರಲಿಲ್ಲ.

“ಪುಂಡರಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರ್ಬೇಕು? ಈ ಗೋಡೆ ಕಟ್ಟಿದ ಮೇಸ್ತ್ರಿ ಯಾರು?”

ಗುತ್ತಿಗೆದಾರನ ಮುಖ ಹುಳ್ಳಗಾಯಿತು. ಮೇಸ್ತ್ರಿಯ ಮನೆ ಗೋಡೆಯಾಚೆಯ ಓಣಿಯಲ್ಲೇ ಇತ್ತು. ಹೊಸ್ತಿಲಲ್ಲಿ ಅವನ ಹೆಂಡತಿ ಎದೆ ಹಿಡಿದು ಕೂತಿದ್ದಳು.

“ಗೋಡೆ ಕಟ್ಟಿದ್ದು?” ಒಳಗಿಂದ ಬಂದ ಮೇಸ್ತ್ರಿಯನ್ನು ಮೇಡಂ ಕೇಳಿದರು.

“ನಾನೇ.”

“ಬಿಚ್ಚಿದ್ದು?”

“ಅದೂ ನಾನೇ.”

“ಇಲ್ಲ ಅನ್ನಬಹುದಿತ್ತಲ್ಲ?”

“ಕೆಲಸ ನೋಡಿದ್ರೆ ಗೊತ್ತಾಗಲ್ವಾ ಮೇಡಂ?” ಅವನ ದನಿಯಲ್ಲಿ ಹೆಮ್ಮೆಯೇ ಇತ್ತು.

ಹೆಂಡತಿ ಅದೇ ಗಿರಣಿಯಲ್ಲಿ ಹತ್ತಿಯ ಧೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡವಳು. ಮರಗಳ ಕೆಳಗೆ ದಿನಾ ಓಡಾಡಬೇಕೆಂದು ಡಾಕ್ಟರ್ ಹೇಳಿದ್ದರು. ಮುಂದಿನ ಗೇಟಿಗೆ ಇಡೀ ಪಾರ್ಕು ಸುತ್ತಬೇಕು. ಅವಳಿಗೆ ಓಣಿಯ ನಲ್ಲಿ ಮುಟ್ಟುವಷ್ಟರಲ್ಲೇ ಏದುಸಿರು.

“ಗಿರಣಿ ಇದ್ದಾಗ ಇಲ್ಲೇ ಬಾಗಿಲಿತ್ತು ಮೇಡಂ. ಧೂಳು ಕುಡಿಯೋಕೆ ಹತ್ತಿರದ ದಾರಿ, ಗಾಳಿ ಕುಡಿಯೋಕೆ ಮಾತ್ರ ಸುತ್ತುದಾರಿನಾ? ಬಾಗಿಲು ಬಿಡಿ ಅಂತ ಕೇಳ್ಕೊಂಡೆ. ನಕ್ಷೆಯಲ್ಲಿಲ್ಲ ಅಂದ್ರು.”

ಮೇಡಂ ಹೊಸ್ತಿಲಲ್ಲಿ ಕೂತವಳತ್ತ ಒಮ್ಮೆ ನೋಡಿದರು. ಆದರೂ ಕಾನೂನು ಕಾನೂನೇ. ನಾಲ್ಕು ಗಂಟೆಗೆ ಮೇಸ್ತ್ರಿಯನ್ನು ಬಂಧಿಸಿ, ಸಂಜೆ ಠಾಣೆಯಲ್ಲೇ ಜಾಮೀನು ಕೊಟ್ಟು ಕಳಿಸಿದರು.

ಗುತ್ತಿಗೆದಾರ ಕೈ ಉಜ್ಜಿಕೊಂಡ. “ಇವತ್ತೇ ಗೋಡೆ ಮುಚ್ಚಿಸಿಬಿಡ್ತೀನಿ.”

“ಮುಟ್ಟೀರಿ, ಜೋಕೆ! ಅದು ಸಾಕ್ಷ್ಯ. ಕೇಸು ಮುಗಿಯೋವರೆಗೂ ಒಂದಿಟ್ಟಿಗೆ ಅಲ್ಲಾಡಬಾರದು.”

“ಕೇಸು ಯಾವಾಗ ಮುಗಿಯುತ್ತೆ ಮೇಡಂ?”

ಹೆಡ್ ಕಾನ್‌ಸ್ಟೇಬಲ್ ಮೀಸೆಯಡಿಯಲ್ಲೇ ನಕ್ಕ.

ಬುಧವಾರ ಮುಂದಿನ ಗೇಟಿನಲ್ಲಿ ರಿಬ್ಬನ್ ಕತ್ತರಿಸುವಾಗ, ಮೇಸ್ತ್ರಿ ಹೆಂಡತಿಯ ಕೈ ಹಿಡಿದು ಹಿಂದಿನ ಸಂದಿಗೆ ಬಂದ. ಸಾಕ್ಷ್ಯ ಕಾಯಲು ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಪಕ್ಕಕ್ಕೆ ಸರಿದ.

“ಇಟ್ಟಿಗೆ ಮಾತ್ರ ಮುಟ್ಟಬೇಡಿ ಅಕ್ಕಾ. ಗಾಳಿ ಎಷ್ಟು ಬೇಕಾದ್ರೂ ತಗೊಳ್ಳಿ.”

ಅವಳು ಮೊದಲ ಮರದ ಕೆಳಗಿನ ಬೆಂಚಿನಲ್ಲಿ ಕೂತು ನಿಧಾನವಾಗಿ ಉಸಿರೆಳೆದುಕೊಂಡಳು.