ಬ್ರೇಕ್ ತಂತಿ ಕತ್ತರಿಸಿದವರು ಯಾರು?

ಎರಡೂ ಸೈಕಲ್ಲುಗಳ ಬ್ರೇಕ್ ತಂತಿಗಳು ತುಂಡಾಗಿ ನೇತಾಡುತ್ತಿದ್ದವು.

ಭುವನಾ ಕೊಟ್ಟಿಗೆಯ ಬಾಗಿಲಲ್ಲೇ ನಿಂತುಬಿಟ್ಟಳು. ಬೆಳಿಗ್ಗೆ ಏಳು ಗಂಟೆ. ನಾಳೆ ಇಷ್ಟು ಹೊತ್ತಿಗೆ ಅವಳೂ ಅವಳ ಚಿಕ್ಕಪ್ಪನ ಮಗ ಅಶ್ವತ್ಥನೂ ಮೇಚೇರಿ ಬಿಟ್ಟು ಹೊರಟಿರಬೇಕಿತ್ತು. ಧರ್ಮಪುರಿ, ಮೊರಪ್ಪೂರು, ಹರೂರು — ಬಯಲಲ್ಲಿ ಮೂರು ದಿನ. ಆಮೇಲೆ ಏರ್ಕಾಡು, ಕೊಲ್ಲಿಮಲೆಯ ಎಪ್ಪತ್ತು ತಿರುವು, ಕೊನೆಗೆ ಊಟಿ. ಶಾಲೆಯಲ್ಲಿ ಟೀಚರಾಗಿದ್ದ ಭುವನಾ ಬೇಸಿಗೆ ರಜೆಗಾಗಿ ವರ್ಷವಿಡೀ ಕಾದಿದ್ದಳು.

ಪ್ರವಾಸಕ್ಕೆ ಕಟ್ಟಿಟ್ಟ ಚೀಲದ ತಳದಲ್ಲಿದ್ದ ಹೆಚ್ಚುವರಿ ತಂತಿಗಳೂ ಮಾಯ! ಯಾರಿಗೆ ಇಷ್ಟು ದ್ವೇಷ? ಇಲ್ಲೇ ಹೀಗೆ ಮಾಡಿದವರು ದಾರಿಯಲ್ಲಿ ಇನ್ನೇನು ಮಾಡಬಹುದು?

ಪಕ್ಕದ ಮನೆಯ ಮೇನಕಾ ಪೊಲೀಸ್ ಹೆಡ್ ಕಾನ್‌ಸ್ಟೇಬಲ್. ಡ್ಯೂಟಿ ಮುಗಿಸಿ ಬಂದವಳು ಸಮವಸ್ತ್ರದಲ್ಲೇ ಕೊಟ್ಟಿಗೆಗೆ ನುಗ್ಗಿದಳು.

"ಬೀಗ ಆಕ್ತೀರಾ?"

"ಇಲ್ಲಕ್ಕಾ. ಚಿಲಕ ಅಷ್ಟೇ."

ಅಷ್ಟರಲ್ಲಿ ಅಶ್ವತ್ಥ್ ಬಂದ. ಮುಖ ಬಿಳಿಚಿತ್ತು. "ಯಾರೋ ನಮ್ಮನ್ನ ಸಾಯಿಸಕ್ಕೇ ನೋಡ್ತಾವ್ರೆ. ಬ್ಯಾಡ ಭುವನಾ, ಕ್ಯಾನ್ಸಲ್ ಮಾಡೋಣ."

ಮೇನಕಾ, ಗದ್ದಲ ಕೇಳಿ ಬಂದು ನಿಂತಿದ್ದ ಭುವನಾಳ ತಾಯಿಯ ಕಡೆ ತಿರುಗಿದಳು. "ರಾಮಕ್ಕಾ, ನೀವು ಈ ಟೂರು ಬ್ಯಾಡ ಅಂತ ಜಗಳ ಆಡಿದ್ರಿ, ಅಲ್ವಾ?"

"ಆಡ್ದೆ. ಬಿಸಿಲಲ್ಲಿ ಬೆಟ್ಟ ಅತ್ತಕ್ಕೆ ಓಗ್ತೀನಿ ಅಂದ್ರೆ ಯಾವ ತಾಯಿ ಸುಮ್ನಿರ್ತಾಳೆ? ಅದಕ್ಕೆ ತಂತಿ ಕತ್ತರಿಸ್ತೀನಾ?"

"ಚೀಲದಲ್ಲಿ ಬೇರೆ ತಂತಿ ಇದ್ದಿದ್ದು ಗೊತ್ತಿತ್ತಾ?"

"ಆ ಚೀಲದಲ್ಲಿ ಏನೈತೆ ಅಂತ ನಂಗೇನು ಗೊತ್ತು ತಾಯಿ!"

ಸೈಕಲ್ ಅಂಗಡಿಯ ಪಳನಿಯನ್ನು ಕರೆಸಿದರು. ತನ್ನ ಹತ್ತಿರ ಕೊಳ್ಳದೆ ಸೇಲಂನಿಂದ ಸೈಕಲ್ ತಂದರೆಂದು ಅವನಿಗೆ ಸಿಟ್ಟಿತ್ತು. ಆದರೆ ಅವನು ಜೇಬಿನಿಂದ ಬಸ್ ಟಿಕೆಟ್ ತೆಗೆದ. ಎರಡು ದಿನ ಮೊರಪ್ಪೂರಿನಲ್ಲಿ ಮಗಳ ಮನೆಯಲ್ಲಿದ್ದು ಆಗಷ್ಟೇ ಬಂದಿಳಿದಿದ್ದ.

"ಈ ಒಸಾ ಟಯರ್ ಆಕಿದ್ದು ನೀನೇನಾ?"

"ಊಂ ಮೇಡಂ. ಎರಡಕ್ಕೂ ಒಂದೇ ದಿನ. ತಿಂಗಳ ಮೇಲಾಯ್ತು."

ಮೇನಕಾ ಚಕ್ಕನೆ ಸೈಕಲ್ಲುಗಳ ಪಕ್ಕ ಕೂತಳು. ಭುವನಾಳ ಚಕ್ರದ ಮೇಲೆ ಬೆರಳಾಡಿಸಿದಳು. ಆಮೇಲೆ ಇನ್ನೊಂದರ ಮೇಲೆ. ಎದ್ದವಳ ದನಿ ಮೆತ್ತಗಾಗಿತ್ತು.

"ಅಶ್ವತ್ಥಾ, ದಿನಾ ಬೆಳಿಗ್ಗೆ ಮೆಟ್ಟೂರು ತನಕ ಪ್ರಾಕ್ಟೀಸ್ ಓಗ್ತಿದ್ದೆಯಲ್ಲ?"

"ಊಂ... ಓಗ್ತಿದ್ದೆ."

"ಒಸಾ ಟಯರಲ್ಲಿ ಸಣ್ಣ ರಬ್ಬರ್ ಕೂದಲು ಇರ್ತವೆ. ರೋಡಿಗೆ ತಗಲೋ ಕಡೆ ಬೇಗ ಸವೆದೋಗ್ತವೆ. ಭುವನಾ ಟಯರ್ ನಡುವೆ ಒಂದೂ ಇಲ್ಲ. ನಿಂದ್ರಲ್ಲಿ ಎಲ್ಲಾ ಅಂಗೇ ನಿಂತವೆ. ತಿಂಗಳಿಂದ ನೀನು ಸೈಕಲ್ಲೇ ಅತ್ತಿಲ್ಲ."

ಮೇನಕಾ ತುಂಡಾದ ತಂತಿಯನ್ನು ಎತ್ತಿ ತೋರಿಸಿದಳು.

"ಸಾಯಿಸಬೇಕು ಅಂದ್ರೆ ಕಾಣದಂಗೆ ಅರ್ಧ ಕತ್ತರಿಸ್ತಿದ್ರು — ಕೊಲ್ಲಿಮಲೆ ಇಳಿಜಾರಲ್ಲಿ ಕಿತ್ತೋಗ್ಲಿ ಅಂತ. ಇದು ಎದ್ದು ಕಾಣಂಗೆ ಕತ್ತರಿಸಿದ್ದು. ಯಾರಿಗೂ ಏಟಾಗಬಾರದು, ಟೂರು ಮಾತ್ರ ನಿಲ್ಲಬೇಕು. ಚೀಲ ಕಟ್ಟಿದವರು ನೀವಿಬ್ಬರೇ. ನೀನೇ ಅಲ್ವಾ?"

ಅಶ್ವತ್ಥ್ ಅಲ್ಲೇ ನೆಲದ ಮೇಲೆ ಕೂತ.

"ಮಾರ್ಚಲ್ಲಿ ಏರು ತುಳಿಯೋವಾಗ ಕಣ್ಣು ಕತ್ತಲೆ ಬಂದು ಬಿದ್ದೆ. ಸೇಲಂ ಡಾಕ್ಟ್ರು ಎದೇಲಿ ವಾಲ್ವ್ ಕೆಟ್ಟೈತೆ, ಆಪರೇಷನ್ ಆಗ್ಬೇಕು ಅಂದ್ರು."

"ಬರಕ್ಕಾಗಲ್ಲ ಅಂತ ಒಂದು ಮಾತು ಯೇಳಬಾರದಾ?" ಭುವನಾ ಕೂಗಿದಳು. "ಬೆಳಿಗ್ಗೆಯಿಂದ ಯಾರ್ಯಾರ ಮೇಲೋ ಅನುಮಾನ ಪಟ್ಟಿದ್ದಾಯ್ತು!"

"ಯೇಳಿದ್ರೆ ಯಾಕೆ ಅಂತ ಕೇಳ್ತಿದ್ದೆ. ಮನೇಗೆ ಗೊತ್ತಾಗ್ತಿತ್ತು. ಅವ್ವ ಅದನ್ನ ತಡ್ಕೊಳ್ಳಲ್ಲ."

"ಚಿಕ್ಕವ್ವಂಗೆ ಇನ್ನೂ ಯೇಳಿಲ್ವಾ?"

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ.

ಭುವನಾ ಕಣ್ಣೊರೆಸಿಕೊಂಡು ಅವನ ರಟ್ಟೆ ಹಿಡಿದೆಬ್ಬಿಸಿದಳು. "ನಡಿ. ನಾನೇ ಯೇಳ್ತೀನಿ. ನೀನು ಪಕ್ಕದಲ್ಲಿ ನಿಂತ್ಕೋ, ಸಾಕು."

ಸಿಟ್ಟಿನಲ್ಲಿ ಬಿರಬಿರನೆ ಬೀದಿಗಿಳಿದವಳು ನಾಲ್ಕು ಹೆಜ್ಜೆ ಹೋಗಿ ನಿಂತಳು. ಹಿಂದೆ ಅವನು ಏದುಸಿರು ಬಿಡುತ್ತಿದ್ದ. ಅವನು ಜೊತೆಗೂಡುವವರೆಗೆ ಕಾದು, ಆಮೇಲೆ ಅವನ ನಡಿಗೆಗೇ ತನ್ನ ನಡಿಗೆ ಹೊಂದಿಸಿಕೊಂಡಳು.