ಹೂಂಗುಟ್ಟಿದವರು

ಕತ್ತಲಲ್ಲಿ ಸಣ್ಣಗೆ "ಹೂಂ" ಎಂದು ಕೇಳಿಸಿತು. ದನಿ ನನ್ನದೇ, ಆದರೆ ನಾನು ಬಾಯಿ ತೆರೆದಿರಲಿಲ್ಲ.

ವರ್ಷದಿಂದ ನನಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಮತ್ತೆ ಏಳಲಾರೆನೆಂಬ ಭಯ. ಅದಕ್ಕೇ ನರ್ಸ್ ಕೆಲಸ ಮುಗಿಸಿ ಸುಸ್ತಾಗಿ ಬರುವ ತಂಗಿ ಪಕ್ಕದ ಮಂಚದಿಂದ ದಿನವೂ ಕಥೆ ಹೇಳುತ್ತಾಳೆ. ನಾನು ಹೂಂಗುಟ್ಟುವುದು ನಿಂತ ಮೇಲೆಯೇ ಅವಳು ಮಲಗುವುದು. ಅಂದು ಅವಳ ಮಾತು ತೊದಲುತ್ತಿತ್ತು. ಪಾಪ, ಮಲಗಲಿ ಎಂದು ನಾನು ಬೇಕೆಂದೇ ಸುಮ್ಮನಾಗಿದ್ದೆ.

"ಕೇಳ್ತಿದ್ದೀಯಾ, ಅಕ್ಕ?"

"ಹೂಂ."

ಈ ಸಲ ಕಿವಿಗೆ ತಣ್ಣನೆಯ ಉಸಿರೂ ತಾಗಿತು. ಕೂಗಲು ನಾಲಿಗೆ ಏಳಲಿಲ್ಲ. ತಂಗಿ ಕಥೆ ಮುಂದುವರಿಸಿದಳು. ಹೂಂಗುಟ್ಟುವ ದನಿ ಎಳೆದು ಎಳೆದು ಕೊನೆಗೆ ನಿಂತಿತು. ಆಮೇಲೆ ನನ್ನ ಪಕ್ಕದಲ್ಲಿ ಯಾರೋ ಗಾಢವಾಗಿ ನಿದ್ದೆ ಹೋದ ಸದ್ದನ್ನು ಬೆಳಗಾಗುವವರೆಗೂ ಅಲುಗಾಡದೆ ಕೇಳಿದೆ.

"ಅಂತೂ ಮಲಗಿದ್ಯಲ್ಲ ಅಕ್ಕ," ಎಂದು ತಂಗಿ ನಗುತ್ತ ಎದ್ದಳು. "ಗೊರಕೆ ಅಂದ್ರೆ ಅದೇನು ಗೊರಕೆ! ನಾನೂ ಹಾಯಾಗಿ ನಿದ್ದೆ ಮಾಡ್ದೆ."

ಅವಳ ಮುಖದಲ್ಲಿ ಅಂಥ ಗೆಲುವು ಕಂಡು ಎಷ್ಟೋ ದಿನವಾಗಿತ್ತು. ಹೇಳಿದರೆ ಇನ್ನು ಅವಳೂ ಕಣ್ಣು ಮುಚ್ಚುವುದಿಲ್ಲ. ಯಾರಿಗೂ ಹೇಳಬಾರದೆಂದು ತೀರ್ಮಾನಿಸಿ, ಹಾಸಿಗೆಯ ಇನ್ನೊಂದು ಬದಿಯಲ್ಲಿ ಬಿದ್ದಿದ್ದ ತಗ್ಗನ್ನು ಅವಳು ನೋಡುವ ಮೊದಲೇ ತಟ್ಟಿ ಸಮ ಮಾಡಿದೆ.